ತಂತ್ರಾಂಶ ನಿರ್ದಿಷ್ಟತೆ

ತಂತ್ರಾಂಶವೊಂದು ಏನು ಮಾಡಬೇಕು, ಏನನ್ನು ಮಾಡಗೊಡಬಾರದು, ತಪ್ಪು ಮಾಹಿತಿ ಬಂದರೆ ಹೇಗೆ ವರ್ತಿಸಬೇಕು ಎಂಬುದನ್ನು ಪರೀಕ್ಷಿಸಿ ನೋಡಬಹುದಾದ ವಾಕ್ಯಗಳಲ್ಲಿ, ಪ್ರೋಗ್ರಾಂ ಬರೆಯುವ ಮುನ್ನವೇ ದಾಖಲಿಸುವ ಪತ್ರ. ಇದಕ್ಕೆ ಸಂಬಂಧಿಸಿದ ಅಂತರರಾಷ್ಟ್ರೀಯ ಮಾನಕ ಐಎಸ್ಒ/ಐಇಸಿ/ಐಇಇಇ 29148 ಮೊದಲು 2011ರಲ್ಲಿ ಪ್ರಕಟವಾಯಿತು.

ಉದಾಹರಣೆಗೆ, ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ರೈತರಿಗೆ ಪರಿಚಿತವಾದ ಒಂದು ಸರ್ಕಾರಿ ತಂತ್ರಾಂಶವೆಂದರೆ ಪಹಣಿ, ಅಂದರೆ ಇಲ್ಲಿನವರ ಮಾತಿನ ಉತಾರ, ನೀಡುವ ‘ಭೂಮಿ’. ಕಂದಾಯ ಇಲಾಖೆಗಾಗಿ ಇದನ್ನು ರೂಪಿಸಿದ್ದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ. ಇಂಥ ತಂತ್ರಾಂಶಕ್ಕೆ ‘ಜಮೀನಿನ ವಿಸ್ತೀರ್ಣ ದಾಖಲಾಗಬೇಕು’ ಎಂದಷ್ಟೇ ಬರೆದರೆ ಏನನ್ನೂ ಬರೆದಂತಾಗದು. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ ಆದುದರಿಂದ, 3 ಎಕರೆ 45 ಗುಂಟೆ ಎಂದು ನಮೂದಿಸಿದರೆ ತಂತ್ರಾಂಶವು ಅದನ್ನು ತಿರಸ್ಕರಿಸಬೇಕೋ, 4 ಎಕರೆ 5 ಗುಂಟೆ ಎಂದು ತಿದ್ದಿಕೊಳ್ಳಬೇಕೋ, ಹಿಸ್ಸೆಗಳ ಮೊತ್ತ ಮೂಲ ಸರ್ವೆ ನಂಬರಿನ ವಿಸ್ತೀರ್ಣವನ್ನು ಮೀರಿದರೆ ಯಾರ ಗಮನಕ್ಕೆ ತರಬೇಕೋ ಎಂಬುದನ್ನು ಪತ್ರವೇ ಹೇಳಬೇಕು. ಹೇಳದಿದ್ದರೆ ಪ್ರೋಗ್ರಾಮರನ ಊಹೆಯೇ ಕಾನೂನಾಗಿಬಿಡುತ್ತದೆ. ಗ್ರಾಮ ಆಡಳಿತ ಅಧಿಕಾರಿಯ ಅನುಭವ ಇಲ್ಲಿ ಎಂಜಿನಿಯರನ ಜಾಣ್ಮೆಗಿಂತ ಹೆಚ್ಚು ಬೆಲೆಯುಳ್ಳದ್ದು.

ಬರೆದ ಪತ್ರವನ್ನು ಚಾಲ್ತಿಯಲ್ಲಿಡುವುದು ಬರೆಯುವುದಕ್ಕಿಂತ ಕಷ್ಟ. ಧಾರವಾಡದಿಂದ 1997ರಲ್ಲಿ ಹಾವೇರಿ ಜಿಲ್ಲೆ ಬೇರ್ಪಟ್ಟಂತೆ, ಮುಂದೆ ಹಿರೇಕೆರೂರಿನಿಂದ ರಟ್ಟಿಹಳ್ಳಿ ಪ್ರತ್ಯೇಕ ತಾಲೂಕಾಯಿತು. ಹೀಗಾದಾಗ ಗ್ರಾಮಗಳ ಸಂಕೇತ ಸಂಖ್ಯೆ, ಸಹಿ ಮಾಡುವ ಅಧಿಕಾರಿ, ಹಳೆಯ ಹಕ್ಕುಬದಲಾವಣೆ ದಾಖಲೆಗಳ ಹುಡುಕಾಟ ಎಲ್ಲವೂ ಪ್ರಭಾವಿತವಾಗುವುದರಿಂದ, ಪ್ರತಿ ತಿದ್ದುಪಡಿಗೂ ಆವೃತ್ತಿ ಸಂಖ್ಯೆ, ಜಾರಿಯ ದಿನಾಂಕ, ಆಧಾರವಾದ ಆದೇಶ ಮತ್ತು ಬದಲಾದ ಪರೀಕ್ಷೆಗಳನ್ನು ಪತ್ರದಲ್ಲಿ ನಮೂದಿಸಲಾಗುತ್ತದೆ.