ಬಳುಕುವ ಚರ್ಮ, ಬಗ್ಗದ ಯಂತ್ರ

ಹೈದರಾಬಾದಿನ ರಾಯದುರ್ಗದಲ್ಲಿ, ಹೈಟೆಕ್ ಸಿಟಿಗೆ ಹತ್ತಿರದಲ್ಲೇ, ಪಾದರಕ್ಷೆ ವಿನ್ಯಾಸ ಕಲಿಸುವ ಎಫ್‌ಡಿಡಿಐ ಸಂಸ್ಥೆಯ ಆವರಣವಿದೆ. 2017ರ ಕಾಯಿದೆ ಈ ಸಂಸ್ಥೆಗೆ ರಾಷ್ಟ್ರೀಯ ಮಹತ್ವದ ಸ್ಥಾನ ಕೊಟ್ಟಿತು. ಸಾಫ್ಟ್‌ವೇರ್ ಬರೆಯುವವರೂ ಶೂ ಮಾಡಲು ಕಲಿಯುವವರೂ ನೆರೆಹೊರೆಯವರಾಗಿರುವ ಊರಿನಲ್ಲಿ ರೋಬಾಟ್‌ಗಳು ಶೂ ಹೊಲಿಯುವ ದಿನ ಬಂದೇಬಿಟ್ಟಿತು ಎಂಬ ನಂಬಿಕೆ ಸಹಜ. ಇತಿಹಾಸ ಹೇಳುವುದು ಬೇರೆ. ಮೆತ್ತನೆಯ ವಸ್ತುವಿನ ಬಳುಕಾಟಕ್ಕೆ ಅವಕಾಶವೇ ಇಲ್ಲದಂತೆ ಮಾಡಿದ ಕಡೆಯಲ್ಲಷ್ಟೇ ಈ ಕ್ಷೇತ್ರದಲ್ಲಿ ಯಂತ್ರ ಗೆದ್ದಿದೆ.

ಶೂವಿನ ಅಟ್ಟೆಯನ್ನು ಮೇಲ್ಭಾಗಕ್ಕೆ ಹೊಲಿಯುವ ಯಂತ್ರಕ್ಕೆ ಅಮೆರಿಕದ ಲೈಮನ್ ಬ್ಲೇಕ್ 1858ರಲ್ಲೇ ಪೇಟೆಂಟ್ ಪಡೆದಿದ್ದ. ಆದರೆ ಚರ್ಮವನ್ನು ಕಾಲಿನಾಕಾರದ ಅಚ್ಚಿನ ಮೇಲೆ ಎಳೆದು ಬಿಗಿಯುವ ಕೆಲಸ ಇನ್ನೂ ಕಾಲು ಶತಮಾನ ಕೈಯಲ್ಲೇ ಉಳಿಯಿತು. ನುರಿತ ಕೆಲಸಗಾರ ದಿನಕ್ಕೆ ಸುಮಾರು 50 ಜೊತೆ ಮುಗಿಸುತ್ತಿದ್ದ. ಸುರಿನಾಮ್‌ನಲ್ಲಿ ಹುಟ್ಟಿ ಮ್ಯಾಸಚೂಸೆಟ್ಸ್‌ನ ಲಿನ್ ಪಟ್ಟಣಕ್ಕೆ ಬಂದ ಯಾನ್ ಮಾಟ್ಸೆಲಿಗರ್ 1883ರಲ್ಲಿ ಪೇಟೆಂಟ್ ಪಡೆದ ಯಂತ್ರ ಅದನ್ನು 150–700 ಜೊತೆಗಳ ಮಟ್ಟಕ್ಕೆ ಏರಿಸಿತು. ಯಂತ್ರದ ಇಕ್ಕಳ ಎಳೆಯುವಾಗ ಚರ್ಮದ ಅಡಿಯಲ್ಲಿ ಗಟ್ಟಿ ಅಚ್ಚು ಇತ್ತು, ಹಾಗಾಗಿ ಚರ್ಮ ಎಲ್ಲಿಗೂ ಜಾರುವಂತಿರಲಿಲ್ಲ.

ಅಚ್ಚಿಗೆ ಏರುವ ಮೊದಲಿನ ಹಂತಗಳಲ್ಲಿ ಈ ಅನುಕೂಲವಿಲ್ಲ. ಅಂಚು ತೆಳುವಾಗಿಸಿದ ಚರ್ಮದ ತುಂಡು ಸುರುಳಿಯಾಗುತ್ತದೆ. ಹೊಲಿಯುವವಳು ಹೆಬ್ಬೆರಳಿನಿಂದ ಅದನ್ನು ಸವರಿ ಚಪ್ಪಟೆ ಮಾಡುತ್ತ, ಇನ್ನೊಂದು ತುಂಡಿನ ಗುರುತಿಗೆ ಕೂಡಿಸಿ, ಸೂಜಿಯ ಕೆಳಗೆ ತಳ್ಳುತ್ತಾಳೆ. ರೋಬಾಟ್‌ನ ಗಾಳಿ ಹೀರುವ ಬಟ್ಟಲಿಗೆ ಜಾಲರಿ ಬಟ್ಟೆ ನಿಲ್ಲದು, ಗಾಳಿ ಸೋರಿಹೋಗುತ್ತದೆ. ಕೆಲವೊಮ್ಮೆ ಅಟ್ಟಿಯಿಂದ ಒಂದರ ಬದಲು ಎರಡು ಪದರ ಅಂಟಿ ಬರುತ್ತವೆ. ಸೂಜಿ ಚುಚ್ಚಿ ಹಿಡಿದೆತ್ತುವುದು ಬಟ್ಟೆಗೆ ಸರಿ, ಚರ್ಮದಲ್ಲಿ ತೂತು ಬೀಳುತ್ತದೆ. ಗ್ರಾಬಿಟ್ ಕಂಪನಿ ಸ್ಥಿರ ವಿದ್ಯುತ್ತಿನಿಂದ ತುಂಡುಗಳನ್ನು ಅಂಟಿಸಿಕೊಳ್ಳುವ ಫಲಕ ಮಾಡಿತು. ನೈಕಿ ಅದಕ್ಕೆ ಹಣ ಹಾಕಿತು. ಸ್ಯೂಬೋ ಎಂಬ ಪ್ರಯೋಗ ಬಟ್ಟೆಯನ್ನೇ ನೀರಿನಲ್ಲಿ ಕರಗುವ ಪ್ಲಾಸ್ಟಿಕ್‌ನಿಂದ ರಟ್ಟಿನಂತೆ ಬಿರುಸಾಗಿಸಿ, ಹೊಲಿದ ಮೇಲೆ ತೊಳೆದುಬಿಟ್ಟಿತು. ಇದೂ ಮಾಟ್ಸೆಲಿಗರ್‌ನ ಉಪಾಯವೇ, ರೂಪ ಮಾತ್ರ ಬೇರೆ.

ಕ್ಯಾಮೆರಾ, ಕೃತಕ ಬುದ್ಧಿಮತ್ತೆ ಬಂದ ಮೇಲೆ ಇದೆಲ್ಲ ಹಳೆಯ ಕಥೆ ಎನ್ನಬಹುದು. ಚರ್ಮದ ಕಲೆ ಗುರುತಿಸಿ ತುಂಡುಗಳನ್ನು ವ್ಯರ್ಥವಾಗದಂತೆ ಹೊಂದಿಸುವುದರಲ್ಲಿ ಕ್ಯಾಮೆರಾ ನಿಜಕ್ಕೂ ನೆರವಾಗಿದೆ. ಆದರೆ ಕಂಡದ್ದೆಲ್ಲ ಕೈಗೆ ಸಿಕ್ಕುವುದಿಲ್ಲ. ಅಡಿಡಾಸ್ ಜರ್ಮನಿಯ ಆನ್ಸ್‌ಬಾಖ್ ಮತ್ತು ಅಮೆರಿಕದ ಅಟ್ಲಾಂಟಾದಲ್ಲಿ ತೆರೆದ, ರೋಬಾಟ್‌ಗಳನ್ನು ನೆಚ್ಚಿದ ಸ್ಪೀಡ್‌ಫ್ಯಾಕ್ಟರಿಗಳನ್ನು ಮುಚ್ಚುವುದಾಗಿ 2019ರಲ್ಲಿ ಸಾರಿತು. ಆ ತಂತ್ರಜ್ಞಾನವನ್ನು ಏಷ್ಯಾದ ತಯಾರಕರಲ್ಲಿ ಬಳಸುವುದಾಗಿ ಹೇಳಿತು. ಹಾಗಾದರೆ ಯಾಂತ್ರೀಕರಣವೇ ಸೋತಿತೇ? ಅಷ್ಟು ದೂರ ಹೋಗಬೇಕಿಲ್ಲ. 2012ರ ಫ್ಲೈನಿಟ್ ಶೂಗಳಲ್ಲಿ ನೈಕಿ ಮೇಲ್ಭಾಗವನ್ನು ಹೆಚ್ಚುಕಡಿಮೆ ಒಂದೇ ತುಂಡಾಗಿ ಹೆಣೆಸಿತು. ಎತ್ತಿ ಜೋಡಿಸಬೇಕಾದ ತುಂಡುಗಳೇ ಕಡಿಮೆಯಾದವು.

ತಮಿಳುನಾಡಿನ ಆಂಬೂರು, ರಾಣಿಪೇಟೆಗಳ ಹೊಲಿಗೆ ಸಾಲುಗಳಲ್ಲಿ ದುಡಿಯುವ ಹೆಂಗಸರ ಗತಿಯೇನು ಎಂಬ ಆಕ್ಷೇಪ ಕ್ಯಾಮೆರಾದ ವಾದಕ್ಕಿಂತ ಗಟ್ಟಿಯಾದದ್ದು. ತುಂಡು ಕಡಿಮೆಯಾದರೆ ಮೊದಲು ಕಡಿಮೆಯಾಗುವುದು ಅವರ ಕೆಲಸವೇ, ಅದನ್ನು ಮುಚ್ಚಿಡಬಾರದು. ಅವರಿಗೆ ಹೊಸ ಕೆಲಸ ಕಲಿಸುವ ಖರ್ಚನ್ನು ಯಂತ್ರದ ಬೆಲೆಯಲ್ಲೇ ಸೇರಿಸಿ ಲೆಕ್ಕ ಹಾಕಬೇಕು. ಹಾಗೆ ಲೆಕ್ಕ ಹಾಕಿದರೆ, ಹಳೆಯ ವಿನ್ಯಾಸವನ್ನೇ ಇಟ್ಟುಕೊಂಡು ರೋಬಾಟ್ ಕೊಳ್ಳುವುದು ದುಡ್ಡು ದಂಡ. ಹೈದರಾಬಾದಿನಲ್ಲಿ ವಿನ್ಯಾಸ ಬದಲಿಸುವ ಕೆಲಸ ಶುರುವಾಗಬೇಕಾದದ್ದು ರಾಯದುರ್ಗದ ವಿನ್ಯಾಸ ತರಗತಿಯಿಂದ.