ಶಿರಸಿ ಶೈಕ್ಷಣಿಕ ಜಿಲ್ಲೆ: ಶಾಲೆಯಲ್ಲಿ ಊರಿನ ಪಾಲು

ಕಂದಾಯ ಇಲಾಖೆಗೆ ಶಿರಸಿ ಒಂದು ತಾಲ್ಲೂಕು. ಶಾಲಾ ಶಿಕ್ಷಣ ಇಲಾಖೆಗೆ ಅದೊಂದು ಜಿಲ್ಲೆ. ಉತ್ತರ ಕನ್ನಡವನ್ನು ಆಡಳಿತದ ಅನುಕೂಲಕ್ಕಾಗಿ ಎರಡು ಶೈಕ್ಷಣಿಕ ಜಿಲ್ಲೆಗಳಾಗಿ ವಿಂಗಡಿಸಲಾಗಿದೆ. ಕರಾವಳಿಯ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಒಂದು ಕಡೆಯಾದರೆ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ, ಹಳಿಯಾಳ, ಜೊಯಿಡಾ ಇನ್ನೊಂದು ಕಡೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಜಿಲ್ಲಾವಾರು ಪಟ್ಟಿಯಲ್ಲಿ ಶಿರಸಿಯ ಹೆಸರು ಬೇರೆಯಾಗಿ ಬರುವುದು ಇದೇ ಕಾರಣಕ್ಕೆ. ಉಪನಿರ್ದೇಶಕರು ಇದರ ಮುಖ್ಯಸ್ಥರು. ಅವರ ಕೈಕೆಳಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳು, ಆಮೇಲೆ ಹತ್ತಾರು ಶಾಲೆಗಳ ಕ್ಲಸ್ಟರ್ ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿಗಳು (ಸಿಆರ್‌ಪಿ).

ಈ ಸಾಲಿನಲ್ಲಿ ಜನ ಆರಿಸಿ ಕಳಿಸಿದವರು ಯಾರೂ ಇಲ್ಲ, ಎಲ್ಲರೂ ನೌಕರರೇ. ಅಮೆರಿಕದ ಹಳ್ಳಿಗಾಡಿನಲ್ಲಿ ಸಾಮಾನ್ಯವಾಗಿ ಶಾಲಾ ಜಿಲ್ಲೆಗೇ ಒಂದು ಚುನಾಯಿತ ಮಂಡಳಿ ಇರುತ್ತದೆ. ನಮ್ಮಲ್ಲಿ ಪಾಲಕರು ಆರಿಸಿದ ಸಮಿತಿ ಇರುವುದು ಶಾಲೆಯ ಮಟ್ಟದಲ್ಲಿ ಮಾತ್ರ. ಹಾಗಾಗಿ ಸರ್ಕಾರಿ ಶಿಕ್ಷಣದಲ್ಲಿ ಜನರ ಮಾತಿಗೆ ಎಷ್ಟು ಬೆಲೆಯಿದೆ ಎಂದು ತಿಳಿಯಬೇಕಾದರೆ ಊರಿನ ಕನ್ನಡ ಶಾಲೆಯ ಅಂಗಳಕ್ಕೇ ಹೋಗಬೇಕು.

ಚದುರಿದ ಊರು, ಸಣ್ಣ ಶಾಲೆ

ಬಯಲುಸೀಮೆಯಂತೆ ಇಲ್ಲಿ ಊರು ಒಂದೇ ಕಡೆ ನೆರೆದಿರುವುದಿಲ್ಲ. ಅಡಿಕೆ ತೋಟದ ತಲೆಗೊಂದು ಮನೆ, ಗದ್ದೆಯಾಚೆ ನಾಲ್ಕು ಮನೆಗಳ ಕೇರಿ, ಬೆಟ್ಟ ದಾಟಿದರೆ ಮತ್ತೊಂದು ಮಜರೆ. ಮುಂಡಗೋಡ, ಹಳಿಯಾಳದ ಕಡೆ ನೆಲ ಕೊಂಚ ಬಯಲಾಗಿ ಭತ್ತ, ಗೋವಿನಜೋಳದ ಹೊಲಗಳು ಕಾಣುತ್ತವೆ. ಜೊಯಿಡಾ ಬಹುಪಾಲು ಕಾಡು. 2011ರ ಜನಗಣತಿಯ ಪ್ರಕಾರ ಆ ಇಡೀ ತಾಲ್ಲೂಕಿನ ಜನಸಂಖ್ಯೆ ಸುಮಾರು 52 ಸಾವಿರ. ಚದರ ಕಿಲೋಮೀಟರಿಗೆ 30 ಜನರೂ ಸಿಗುವುದಿಲ್ಲ.

ಶಿಕ್ಷಣ ಹಕ್ಕು ಕಾಯ್ದೆಯ ನಿಯಮದಂತೆ ಐದನೇ ತರಗತಿವರೆಗಿನ ಶಾಲೆ ಮನೆಯಿಂದ 1 ಕಿ.ಮೀ. ಒಳಗೆ, ಎಂಟರವರೆಗಿನದು 3 ಕಿ.ಮೀ. ಒಳಗೆ ಇರಬೇಕು. ಇಂಥ ನೆಲದಲ್ಲಿ ಈ ನಿಯಮ ಪಾಲಿಸಿದರೆ ಶಾಲೆಗಳು ಸಣ್ಣವಾಗಿಯೇ ಇರುತ್ತವೆ. 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಎಂಬುದು ಕಾಯ್ದೆಯ ಲೆಕ್ಕ. ಇಬ್ಬರಲ್ಲಿ ಒಬ್ಬರು ತರಬೇತಿಗೋ ಮತದಾರರ ಪಟ್ಟಿಯ ಕೆಲಸಕ್ಕೋ ಹೋದ ದಿನ ಐದೂ ತರಗತಿ ಒಂದೇ ಕೋಣೆಗೆ ಬರುತ್ತವೆ. ನಕ್ಷೆಯಲ್ಲಿ 1 ಕಿ.ಮೀ. ಎಂದು ಕಾಣುವ ದಾರಿ ಜುಲೈ ತಿಂಗಳಲ್ಲಿ ಹಾಗೆಯೇ ಉಳಿಯುವುದೂ ಇಲ್ಲ. ಹಳ್ಳ ತುಂಬಿ ಅಡಿಕೆ ಮರದ ಸಂಕ ಮುಳುಗಿದರೆ ಸುತ್ತು ಹಾಕಿ ಬರಬೇಕು, ಇಲ್ಲವೇ ಮಗು ಮನೆಯಲ್ಲೇ ಉಳಿಯಬೇಕು.

ಹಿಂದಿನ ವ್ಯವಸ್ಥೆ

ಉತ್ತರ ಕನ್ನಡ 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ಮುಂಬಯಿ ಪ್ರಾಂತ್ಯದಲ್ಲಿ ಭೂಕಂದಾಯದ ರೂಪಾಯಿಗೆ ಒಂದಾಣೆಯಂತೆ ಸ್ಥಳೀಯ ಕರ ವಸೂಲಾಗುತ್ತಿತ್ತು. ಅದರ ಮೂರನೇ ಒಂದು ಪಾಲು ಶಾಲೆಗಳಿಗೆ ಮೀಸಲು. ಅಂದರೆ ಹಳ್ಳಿಯ ಶಾಲೆಗೆ ಹಳ್ಳಿಯ ರೈತನೇ ದುಡ್ಡು ಕೊಡುತ್ತಿದ್ದ, ಆದರೆ ಅದರ ಬಗ್ಗೆ ಮಾತಾಡುವ ಅಧಿಕಾರ ಅವನಿಗೆ ಇರಲಿಲ್ಲ. ಅದೇ ಕಾಲಕ್ಕೆ ಮೈಸೂರು ಸಂಸ್ಥಾನದಲ್ಲಿ ಬಿ.ಎಲ್. ರೈಸ್ ರೂಪಿಸಿದ ಹೋಬಳಿ ಶಾಲೆಗಳ ಯೋಜನೆ 1868ರಲ್ಲಿ ಶುರುವಾಯಿತು. ಅಲ್ಲಿ ಕಟ್ಟಡ ಒದಗಿಸುವುದು ಊರವರ ಹೊಣೆಯಾಗಿತ್ತು.

ಪ್ರೌಢಶಾಲೆಗಳ ಕಥೆ ಬೇರೆ. ಸರ್ಕಾರ ಮುಟ್ಟದ ಕಡೆ ಸ್ಥಳೀಯ ಸಂಘಗಳು ಮುಂದೆ ಬಂದವು. ಚುಟುಕು ಕವಿ ದಿನಕರ ದೇಸಾಯಿ 1953ರಲ್ಲಿ ಸ್ಥಾಪಿಸಿದ ಕೆನರಾ ವೆಲ್‌ಫೇರ್ ಟ್ರಸ್ಟ್ ಜಿಲ್ಲೆಯ ಹಲವೆಡೆ ಪ್ರೌಢಶಾಲೆಗಳನ್ನು ತೆರೆಯಿತು. ಘಟ್ಟದ ಮೇಲಿನ ದಾಂಡೇಲಿಯಲ್ಲೂ ಅದರ ಜನತಾ ವಿದ್ಯಾಲಯವಿದೆ.

ಎಸ್‌ಡಿಎಂಸಿ ಬಂದದ್ದು ಹೀಗೆ

ವಿಜ್ಞಾನಿ ರಾಜಾ ರಾಮಣ್ಣ ಅವರ ಅಧ್ಯಕ್ಷತೆಯಲ್ಲಿ ರಾಜ್ಯ ಸರ್ಕಾರ ನೇಮಿಸಿದ್ದ ಶಿಕ್ಷಣ ಕಾರ್ಯಪಡೆ ಶಾಲೆಯ ಆಡಳಿತದಲ್ಲಿ ಪಾಲಕರಿಗೆ ಜಾಗ ಕೊಡಬೇಕೆಂದು ಹೇಳಿತು. ಅದರ ಬೆನ್ನಿಗೆ 2001ರ ಏಪ್ರಿಲ್‌ನಲ್ಲಿ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು (ಎಸ್‌ಡಿಎಂಸಿ) ರಚಿಸುವ ಆದೇಶ ಹೊರಬಿತ್ತು. ಅದಕ್ಕೆ ಮೊದಲು ಗ್ರಾಮ ಶಿಕ್ಷಣ ಸಮಿತಿ, ಶಾಲಾ ಅಭಿವೃದ್ಧಿ ಸಮಿತಿಗಳು ಇದ್ದವು. ಅವುಗಳಲ್ಲಿ ಊರಿನ ಪ್ರಮುಖರೇ ಹೆಚ್ಚು. ಮಗು ಆ ಶಾಲೆಯಲ್ಲಿ ಓದುತ್ತಿದ್ದರೆ ಮಾತ್ರ ಪಾಲಕರ ಸ್ಥಾನ ಎಂಬ ಷರತ್ತು ಬಂದದ್ದು ಎಸ್‌ಡಿಎಂಸಿಯೊಂದಿಗೆ. ಮೇಲ್ನೋಟಕ್ಕೆ ಸಣ್ಣದಾಗಿ ಕಾಣುವ ಈ ಷರತ್ತನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ. ಸ್ವಂತ ಮಕ್ಕಳನ್ನು ಪೇಟೆಯ ಶಾಲೆಗೆ ಕಳಿಸಿ ಊರಿನ ಶಾಲೆಯ ಅಧ್ಯಕ್ಷಗಿರಿ ಮಾಡುವ ದಾರಿ ಅದರಿಂದ ಮುಚ್ಚಿತು.

2010ರ ಏಪ್ರಿಲ್ 1ರಂದು ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದ ಮೇಲೆ ಸಮಿತಿಗೆ ಕಾನೂನಿನ ಬಲ ಸಿಕ್ಕಿತು. ಕಾಯ್ದೆಯ 21ನೇ ಕಲಮಿನ ಪ್ರಕಾರ ಸದಸ್ಯರಲ್ಲಿ ಮುಕ್ಕಾಲು ಪಾಲು ಪಾಲಕರು, ಒಟ್ಟಾರೆ ಅರ್ಧದಷ್ಟು ಮಹಿಳೆಯರು. ದುರ್ಬಲ ವರ್ಗದ ಮಕ್ಕಳ ಪಾಲಕರಿಗೆ ಸಂಖ್ಯೆಗೆ ತಕ್ಕ ಪ್ರಾತಿನಿಧ್ಯ. ಶಾಲೆ ನಡೆಯುವ ಬಗೆಯನ್ನು ಗಮನಿಸುವುದು, ಅಭಿವೃದ್ಧಿ ಯೋಜನೆ ಸಿದ್ಧಪಡಿಸುವುದು, ಅನುದಾನ ಹೇಗೆ ಖರ್ಚಾಯಿತೆಂದು ನೋಡುವುದು ಸಮಿತಿಯ ಕೆಲಸ. ಮುಖ್ಯ ಶಿಕ್ಷಕರು ಕಾರ್ಯದರ್ಶಿ, ಪಾಲಕರಲ್ಲೊಬ್ಬರು ಅಧ್ಯಕ್ಷರು. ಬ್ಯಾಂಕ್ ಖಾತೆ ಇಬ್ಬರ ಹೆಸರಿನಲ್ಲಿ ಜಂಟಿಯಾಗಿರುತ್ತದೆ.

ಖಾತೆಗೆ ಬರುವ ಹಣ ಎಷ್ಟು ಎಂಬುದನ್ನೂ ಹೇಳಬೇಕು. ಸಮಗ್ರ ಶಿಕ್ಷಾ ಯೋಜನೆಯ ಮಾರ್ಗಸೂಚಿಯಂತೆ 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10,000 ರೂಪಾಯಿ, 100ರವರೆಗೆ 25,000. ಬೋರ್ಡಿನ ಬಣ್ಣ, ರಿಜಿಸ್ಟರು, ಶೌಚಾಲಯದ ಫಿನೈಲು, ಕೆಟ್ಟ ನಲ್ಲಿ ಎಲ್ಲವೂ ಇದರಲ್ಲೇ ಆಗಬೇಕು. ಮಲೆನಾಡಿನ ಸಣ್ಣ ಶಾಲೆಗಳು ಬಹುತೇಕ ಮೊದಲ ಸಾಲಿಗೆ ಸೇರುತ್ತವೆ. ಮಕ್ಕಳು ಕಡಿಮೆ ಇದ್ದರೂ ಮಾಡಿನ ಅಳತೆ ಕಡಿಮೆಯಾಗುವುದಿಲ್ಲವಲ್ಲ!

ಹಂಚು, ಬೇಲಿ, ಬಿಸಿಯೂಟ

ಆ ಮಾಡಿನ ವಿಷಯವನ್ನೇ ತೆಗೆದುಕೊಳ್ಳಿ. ಈ ಭಾಗದ ಹಳೆಯ ಶಾಲೆಗಳಿಗೆ ಮಂಗಳೂರು ಹಂಚಿನ ಹೊದಿಕೆ. ಬೇಸಿಗೆ ರಜೆಯಲ್ಲಿ ಶಾಲೆ ಖಾಲಿಯಿರುವಾಗ ಮಂಗಗಳ ಹಿಂಡು ಮಾಡಿನ ಮೇಲೆ ಹಾರಾಡಿ ಹಂಚು ಒಡೆಯುತ್ತದೆ, ಜರುಗಿಸುತ್ತದೆ. ಮೊದಲ ಮಳೆಗೆ ಮೊದಲು ಯಾರಾದರೂ ಏಣಿ ಹಾಕಿ ಹತ್ತಲೇಬೇಕು. ಪಕಾಸು, ರೀಪು ಗೆದ್ದಲು ಹಿಡಿದಿವೆಯೇ ಎಂದು ತಟ್ಟಿ ನೋಡಿ, ಒಡೆದ ಹಂಚು ಕೆಳಗಿಳಿಸಿ, ಯಾರದೋ ಹಳೆ ಕೊಟ್ಟಿಗೆಯಿಂದ ತಂದ ಹಂಚನ್ನು ಕೂರಿಸಬೇಕು. ಹಳೆಯ ಹಂಚಿನ ಅಚ್ಚಿಗೆ ಹೊಸ ಹಂಚು ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ, ಸಂದಿ ಬಿಟ್ಟು ನೀರು ಇಳಿಯುತ್ತದೆ. ಟೆಂಡರು ಕರೆದು ಮಾಡಿಸುವ ಕೆಲಸ ಇದಲ್ಲ. ಪಾಲಕರೂ ಹಳೆ ವಿದ್ಯಾರ್ಥಿಗಳೂ ಒಂದು ಭಾನುವಾರ ಸೇರಿ ಮುಗಿಸುತ್ತಾರೆ. ದನ ನುಗ್ಗದಂತೆ ಬೇಲಿ ಕಟ್ಟುವುದು, ಅಂಗಳದ ಹುಲ್ಲು ಸವರುವುದು, ದಾರಿಯ ಜಿಗ್ಗು ತೆಗೆಯುವುದು ಕೂಡ ಹೀಗೆಯೇ ಆಗುತ್ತದೆ. ಆವರಣ ಗೋಡೆ, ಆಟದ ಮೈದಾನ, ಶೌಚಾಲಯಗಳಿಗೆ ಗ್ರಾಮ ಪಂಚಾಯಿತಿಯ ಮೂಲಕ ಉದ್ಯೋಗ ಖಾತ್ರಿ ಹಣವೂ ರಾಜ್ಯದ ಅನೇಕ ಕಡೆ ಬಳಕೆಯಾಗಿದೆ. ಅದಕ್ಕೆ ಕ್ರಿಯಾಯೋಜನೆಯಲ್ಲಿ ಹೆಸರು ಸೇರಿಸಬೇಕು, ಗ್ರಾಮಸಭೆಯಲ್ಲಿ ಯಾರಾದರೂ ಎದ್ದು ಕೇಳಬೇಕು.

ಬಿಸಿಯೂಟ ಶಾಲೆಯೊಳಗೆ ಊರಿನ ಹೆಣ್ಣುಮಕ್ಕಳಿಗೆ ದಾರಿ ತೆರೆದ ಯೋಜನೆ. ಬೇಯಿಸಿದ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್‌ನಲ್ಲಿ ಆದೇಶಿಸಿತು. ಕರ್ನಾಟಕದಲ್ಲಿ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯ ಜಿಲ್ಲೆಗಳಿಂದ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿತು. 2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯದ ಹಾಲು ಸೇರಿತು. ನಂತರ ಮೊಟ್ಟೆ ಬಂತು. ತಿನ್ನದವರಿಗೆ ಬಾಳೆಹಣ್ಣು. ಅಡುಗೆಯವರು ಸಾಮಾನ್ಯವಾಗಿ ಅದೇ ಊರಿನ ತಾಯಂದಿರು. ಅನ್ನ ಬೆಂದಿದೆಯೇ, ಸಾರಿನಲ್ಲಿ ಬೇಳೆ ಇದೆಯೇ ಎಂಬುದು ಮಧ್ಯಾಹ್ನದೊಳಗೆ ಕೇರಿಗೆಲ್ಲ ಗೊತ್ತಾಗುತ್ತದೆ. ಯಾವ ತಪಾಸಣಾಧಿಕಾರಿಗೂ ಇಷ್ಟು ಬೇಗ ವರದಿ ತಲುಪದು. ಇವರ ಗೌರವಧನ ಮಾತ್ರ ಮಾಡುವ ದುಡಿಮೆಗೆ ಹೋಲಿಸಿದರೆ ತೀರಾ ಕಡಿಮೆ. ಊರಿನ ಸಮಿತಿಗಳು ಈ ಮಾತನ್ನು ಗಟ್ಟಿಯಾಗಿ ಎತ್ತಬೇಕು ಎಂಬುದು ನನ್ನ ಒತ್ತಾಯ.

ದಾನಿಗಳ ವಿಷಯದಲ್ಲಿ ಕನ್ನಡ ನಾಡಿಗೆ ಕೊರತೆಯಿಲ್ಲ. ಮಂಗಳೂರಿನ ಬಳಿ ಕಿತ್ತಳೆ ಮಾರಿದ ಉಳಿತಾಯದಿಂದ ಊರಿಗೆ ಶಾಲೆ ತಂದ ಹರೇಕಳ ಹಾಜಬ್ಬ ಅವರಿಗೆ 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಕೊಪ್ಪಳ ಜಿಲ್ಲೆಯ ಕುಣಿಕೇರಿಯ ಹುಚ್ಚಮ್ಮ ಚೌದ್ರಿ ತಮ್ಮ ಎರಡು ಎಕರೆ ಜಮೀನನ್ನು ಶಾಲೆಗೆ ಬಿಟ್ಟುಕೊಟ್ಟು ಅದೇ ಶಾಲೆಯಲ್ಲಿ ಬಿಸಿಯೂಟ ಬೇಯಿಸಿದವರು. 2023ರಲ್ಲಿ ಅವರಿಗೆ ರಾಜ್ಯೋತ್ಸವ ಪ್ರಶಸ್ತಿ ಬಂತು. ಇವರಿಬ್ಬರ ಮುಂದೆ ಯಾರೇ ಆದರೂ ಕೈ ಮುಗಿಯಬೇಕು. ಆದರೆ ಸರ್ಕಾರ ಮಾಡಬೇಕಾದ್ದನ್ನು ಊರಿನ ಔದಾರ್ಯಕ್ಕೆ ಬಿಟ್ಟು ಕೂರುವುದು ಸಲ್ಲದು. ಅಡಿಕೆಗೆ ಒಳ್ಳೆಯ ದರ ಇರುವ ಊರು ಗೌರವ ಶಿಕ್ಷಕರಿಗೆ ಸಂಬಳ ಕೊಟ್ಟೀತು. ಕೂಲಿಯವರೇ ತುಂಬಿರುವ ಕೇರಿ ಎಲ್ಲಿಂದ ತರಬೇಕು? ಕೊಡುಗೆಯ ಮೇಲೆ ನಿಂತ ಶಾಲೆಗಳ ನಡುವೆ ಅಂತರ ಬೆಳೆಯುತ್ತಲೇ ಹೋಗುತ್ತದೆ.

ವಾರ್ಷಿಕೋತ್ಸವದ ರಾತ್ರಿ

ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಘಟ್ಟದ ಮೇಲಿನ ಶಾಲೆಗಳಲ್ಲಿ ವಾರ್ಷಿಕೋತ್ಸವಗಳ ಭರಾಟೆ. ಹಳಿಯಾಳ, ಮುಂಡಗೋಡದಾಚೆ ಧಾರವಾಡ ಸೀಮೆಯಲ್ಲಿ ಇದಕ್ಕೆ ಗ್ಯಾದರಿಂಗ್ ಎನ್ನುತ್ತಾರೆ. ಅಡಿಕೆ ಕೊಯ್ಲಿನ ಗಡಿಬಿಡಿ ನೋಡಿಕೊಂಡು ದಿನ ಗೊತ್ತು ಮಾಡುತ್ತಾರೆ. ಮಕ್ಕಳ ನೃತ್ಯ, ಬಹುಮಾನ ವಿತರಣೆ, ದಾನಿಗಳಿಗೆ ಶಾಲು. ಅನೇಕ ಕಡೆ ಕೊನೆಗೆ ಊರವರದೇ ಯಕ್ಷಗಾನ ಅಥವಾ ನಾಟಕ. ವರ್ಷವಿಡೀ ಶಾಲೆಯತ್ತ ಬಾರದ ಅಪ್ಪಂದಿರೂ ಅಂದು ಕುರ್ಚಿ ಹೊರುತ್ತಾರೆ. ಬೆಂಗಳೂರಿನಲ್ಲಿರುವ ಹಳೆ ವಿದ್ಯಾರ್ಥಿಗಳು ರಜೆ ಹಾಕಿ ಬರುತ್ತಾರೆ. ಶಾಲೆಗೆ ಕಂಪ್ಯೂಟರ್, ನೀರಿನ ಫಿಲ್ಟರ್ ಕೊಡುವ ಮಾತು ಹೆಚ್ಚಾಗಿ ಆಗುವುದು ಇದೇ ರಾತ್ರಿ.

ಕಲಿಕೆಯನ್ನೇ ಊರಿನ ಎದುರು ಇಡುವ ಕಾರ್ಯಕ್ರಮವೂ ಇದೆ. ‘ಸಮುದಾಯದತ್ತ ಶಾಲೆ’ ಎಂಬ ಸಭೆಯಲ್ಲಿ ಪಾಲಕರಿಗೆ ಮಕ್ಕಳ ಉತ್ತರಪತ್ರಿಕೆ, ಪ್ರಗತಿಪತ್ರ ತೋರಿಸಬೇಕು. ಇದಕ್ಕೆ ಕುರ್ಚಿ ಸಾಲದಷ್ಟು ಜನ ಸೇರುವುದನ್ನು ಮಾತ್ರ ಎಲ್ಲೂ ಕಾಣೆವು. ಮಗನಿಗೆ ಭಾಗಾಕಾರ ಯಾಕೆ ಬರುವುದಿಲ್ಲ ಎಂದು ಮಾಸ್ತರರನ್ನು ಕೇಳಲು ಸಂಕೋಚ, ತಾನೇ ಓದಿಲ್ಲವೆಂಬ ಅಳುಕು. ವೇದಿಕೆ ಕಟ್ಟಿಸಿಕೊಡುವುದು ಸುಲಭ. ಆ ಪ್ರಶ್ನೆ ಕೇಳುವುದೇ ಕಷ್ಟ. ಊರಿನ ಪಾಲು ನಿಜವಾಗಿ ಶುರುವಾಗುವುದು ಆ ಪ್ರಶ್ನೆಯಿಂದ.

ಸಭೆಗೆ ಬಾರದವರು

ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಸಿದ್ದಿಯರೂ ದನಗರ ಗೌಳಿಗರೂ ಇದ್ದಾರೆ, ಜೊಯಿಡಾದಲ್ಲಿ ಕುಣಬಿಗಳು. ಗೌಳಿಗರ ಮನೆಮಾತು ಮರಾಠಿಯ ಒಂದು ಬಗೆ, ಕುಣಬಿಗಳದು ಕೊಂಕಣಿ. ಒಂದನೇ ತರಗತಿಗೆ ಬಂದ ಮಗು ಅಕ್ಕೋರ ಕನ್ನಡ ಅರ್ಥವಾಗದೆ ತಿಂಗಳುಗಟ್ಟಲೆ ಮೌನವಾಗಿ ಕೂರುವುದುಂಟು. ಅದರ ತಾಯಿಯೂ ಎಸ್‌ಡಿಎಂಸಿ ಸಭೆಯಲ್ಲಿ ಅಷ್ಟೇ ಮೌನವಾಗಿ ಕೂತು ಸಹಿ ಹಾಕಿ ಹೋಗುತ್ತಾಳೆ. ಉತ್ತರ ಕನ್ನಡದ ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡು ಆ ಸಮುದಾಯದ ಮೊದಲ ಶಾಸಕರಾದರು. ಆದರೆ ಶಾಲಾ ಸಮಿತಿಯಲ್ಲಿ ಕಾಯ್ದೆ ಹೇಳುವ ಪ್ರಾತಿನಿಧ್ಯಕ್ಕೆ ಜೀವ ಬರಬೇಕಾದರೆ ಸಭೆ ಕೂಲಿಯ ಹೊತ್ತಿನಲ್ಲಿ ನಡೆಯಬಾರದು, ಮಾತು ಅವರ ಭಾಷೆಯಲ್ಲೂ ಆಗಬೇಕು. ಅರ್ಧದಷ್ಟು ಮಹಿಳೆಯರು ಎಂಬ ನಿಯಮಕ್ಕೂ ಇದೇ ಮಾತು ಅನ್ವಯ. ಹೆಂಡತಿ ಸದಸ್ಯೆಯಾಗಿದ್ದು ಗಂಡ ಸಭೆಗೆ ಬರುವ ಕಡೆ ನಿಯಮ ಕಾಗದದ ಮೇಲೆ ಮಾತ್ರ ಇದ್ದಂತೆ.

ಮಕ್ಕಳ ಗ್ರಾಮಸಭೆ

ಕರ್ನಾಟಕದ ಗ್ರಾಮ ಪಂಚಾಯಿತಿಗಳು ಮಕ್ಕಳಿಗಾಗಿಯೇ ಒಂದು ಗ್ರಾಮಸಭೆ ನಡೆಸುತ್ತವೆ. ಅದರ ಬೇರು ಘಟ್ಟದ ಕೆಳಗಿನ ಕುಂದಾಪುರ ಸೀಮೆಯಲ್ಲಿದೆ. ದುಡಿಯುವ ಮಕ್ಕಳ ನಡುವೆ ಕೆಲಸ ಮಾಡುವ ಸಂಸ್ಥೆಯೊಂದು 1990ರ ದಶಕದಲ್ಲಿ ಅಲ್ಲಿ ಮಕ್ಕಳ ಪಂಚಾಯಿತಿಗಳನ್ನು ಕಟ್ಟಿತು. ಈ ಸಭೆಗಳಲ್ಲಿ ಮಕ್ಕಳು ಎತ್ತುವ ವಿಷಯಗಳು ಬಹಳ ನಿಖರವಾಗಿರುತ್ತವೆ: ಹಳ್ಳಕ್ಕೆ ಕಾಲುಸಂಕ ಬೇಕು, ಬಸ್ಸು ಶಾಲೆ ಬಿಟ್ಟು ಒಂದು ಗಂಟೆಯ ಮೇಲೆ ಬರುತ್ತದೆ, ಹುಡುಗಿಯರ ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ. ದೊಡ್ಡವರ ಸಭೆಯಲ್ಲಿ ಚಿಲಕದ ಮಾತು ಯಾರೂ ಎತ್ತುವುದಿಲ್ಲ.

ಪಂಚಾಯಿತಿಯ ಗ್ರಂಥಾಲಯಗಳೂ ಈಚೆಗೆ ಶಾಲೆಗೆ ಹತ್ತಿರವಾಗಿವೆ. 2020ರ ನವೆಂಬರ್‌ನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವಿದೆ.

ಮಕ್ಕಳು ಕಡಿಮೆಯಾದಾಗ

ಊರಿನಲ್ಲಿ ಮಕ್ಕಳೇ ಕಡಿಮೆಯಾಗುತ್ತಿದ್ದಾರೆ, ಇರುವವರನ್ನು ಪೇಟೆಯ ಇಂಗ್ಲಿಷ್ ಶಾಲೆಯ ವ್ಯಾನು ಒಯ್ಯುತ್ತದೆ. 2018ರ ಜುಲೈ ಬಜೆಟ್‌ನಲ್ಲಿ ರಾಜ್ಯ ಸರ್ಕಾರ 1 ಕಿ.ಮೀ. ವ್ಯಾಪ್ತಿಯೊಳಗಿನ 28,847 ಶಾಲೆಗಳನ್ನು 8,530 ಶಾಲೆಗಳೊಂದಿಗೆ ವಿಲೀನಗೊಳಿಸುವ ಪ್ರಸ್ತಾಪ ಮುಂದಿಟ್ಟಾಗ ನಾಡಿನೆಲ್ಲೆಡೆ ವಿರೋಧ ಬಂತು. ದೊಡ್ಡ ಶಾಲೆಯಲ್ಲಿ ತರಗತಿಗೊಬ್ಬ ಶಿಕ್ಷಕ ಸಿಗುತ್ತಾರೆ ಎಂಬ ವಾದದಲ್ಲಿ ಹುರುಳಿದೆ. ಆದರೆ ಹಳ್ಳ ದಾಟಿ ಬರುವ ಆರು ವರ್ಷದ ಮಗುವಿಗೆ ವಾಹನ ಯಾರು ಕೊಡುತ್ತಾರೆ, ಮಳೆಗಾಲದಲ್ಲಿ ಅದು ಬರುತ್ತದೆಯೇ ಎಂಬುದು ಮೊದಲು ತೀರ್ಮಾನವಾಗಬೇಕು. ಆ ತೀರ್ಮಾನ ಪಾಲಕರನ್ನು ಕೇಳದೆ ಆಗಬಾರದು.

ಕೇಳುವ ಅಸ್ತ್ರ ಪಾಲಕರ ಕೈಯಲ್ಲಿಯೇ ಇದೆ. ಎಸ್‌ಡಿಎಂಸಿ ಸಿದ್ಧಪಡಿಸಬೇಕಾದ ಶಾಲಾ ಅಭಿವೃದ್ಧಿ ಯೋಜನೆ ಮೂರು ವರ್ಷದ್ದು. ತರಗತಿವಾರು ದಾಖಲಾತಿಯ ಅಂದಾಜು, ಬೇಕಾಗುವ ಶಿಕ್ಷಕರು, ಕೋಣೆ, ಖರ್ಚು ಎಲ್ಲವನ್ನೂ ಅದರಲ್ಲಿ ಬರೆಯಬೇಕು. ಅನೇಕ ಶಾಲೆಗಳಲ್ಲಿ ಮುಖ್ಯ ಶಿಕ್ಷಕರೊಬ್ಬರೇ ಕೂತು ಇದನ್ನು ಭರ್ತಿ ಮಾಡಿ ಸದಸ್ಯರ ಸಹಿ ತೆಗೆದುಕೊಳ್ಳುತ್ತಾರೆ. ಸಮಿತಿಯವರೇ ಪಕ್ಕದ ಅಂಗನವಾಡಿಗೆ ಹೋಗಿ ಹಾಜರಿ ಪುಸ್ತಕ ತೆರೆದರೆ ಮೂರು ವರ್ಷದ ಮಕ್ಕಳ ಹೆಸರು ಸಾಲಾಗಿ ಸಿಗುತ್ತವೆ. ಅವರಲ್ಲಿ ಎಷ್ಟು ಮಂದಿ ಇದೇ ಶಾಲೆಗೆ ಬರುತ್ತಾರೆ, ಬಾರದವರು ಯಾಕೆ ಬರುವುದಿಲ್ಲ ಎಂದು ಮನೆಮನೆಗೆ ಹೋಗಿ ಕೇಳಿ ಯೋಜನೆಯಲ್ಲಿ ಬರೆಯಬಹುದು. ಆ ಅಂದಾಜು, ಸಮಿತಿಯ ಠರಾವು, ಗ್ರಾಮಸಭೆಯ ನಿರ್ಣಯ ಮೂರೂ ಲಿಖಿತವಾಗಿ ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಗೆ ಹೋಗಿ ಸ್ವೀಕೃತಿ ಪಡೆದಿದ್ದರೆ, ವಿಲೀನದ ಪಟ್ಟಿ ಸಿದ್ಧವಾಗುವ ದಿನ ಆ ಊರಿನ ಕಡತ ಮೇಜಿನ ಮೇಲೆ ಇರುತ್ತದೆ.