ಕಥೆ ಹೇಳುವ ಡಬ್ಬಿಗಳ ಕಥೆ

1/7
ಹೋದ ತಿಂಗಳು ಅಕ್ಕ ಜರ್ಮನಿಯಿಂದ ಒಂದು ವಾಯ್ಸ್ ನೋಟ್ ಕಳಿಸಿದಳು. ಅವಳ ಮಗಳಿಗೆ ಈಗ ಎರಡೂವರೆ ವರ್ಷ. ಡೇಕೇರ್‌ನಲ್ಲಿ ಜರ್ಮನ್, ಪಾರ್ಕಿನಲ್ಲಿ ಜರ್ಮನ್. ಮನೆಗೆ ಬಂದರೆ ಅಕ್ಕ-ಭಾವ ಇಬ್ಬರೂ ಸುಸ್ತಾಗಿರ್ತಾರೆ, ಕನ್ನಡ ಅಂದ್ರೆ "ಬಾ, ತಿನ್ನು, ಮಲ್ಕೋ" ಅಷ್ಟೇ. ತುತ್ತು ಒಳಗೆ ಹೋಗಬೇಕಾದರೆ ಮುಂದೆ ಫೋನ್ ಇರಲೇಬೇಕು.

"ಇಲ್ಲಿ ಎಲ್ಲರ ಮನೇಲೂ ಕಥೆ ಹೇಳೋ ಡಬ್ಬಿ ಅಂತ ಒಂದಿದೆ ಕಣೋ. ಸ್ಕ್ರೀನ್ ಇಲ್ಲ, ಬರೀ ಧ್ವನಿ. ಯಾವುದು ತಗೊಳ್ಲಿ? ಸ್ವಲ್ಪ ನೋಡಿ ಹೇಳು."

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ: ವರ್ಷ ತುಂಬದ ಕೂಸಿಗೆ ಸ್ಕ್ರೀನ್ ಬೇಡವೇ ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಅದಕ್ಕಿಂತ ಕಡಿಮೆಯಾದಷ್ಟೂ ಒಳ್ಳೇದು. ಅಕ್ಕನಿಗೆ ಅದು ಗೊತ್ತು. ಗೊತ್ತಿದ್ದೂ ಫೋನ್ ಕೊಡೋ ಸಂಕಟ ಬೇರೆ.

ಸರಿ, ರಿವ್ಯೂ ಓದೋಕೆ ಕೂತೆ. ಹಿಸ್ಟರಿ ಓದೋನಿಗೆ ಇಂಥ ಕೆಲಸ ಕೊಟ್ಟರೆ ಏನಾಗುತ್ತೆ ಗೊತ್ತಲ್ಲ? ಸೀದಾ ಹೋಗಿ 1890ರಲ್ಲಿ ಬಿದ್ದೆ. ನೀವೂ ಬನ್ನಿ.

2/7
ಮಕ್ಕಳಿಗಾಗಿ ಮಾತಾಡುವ ಯಂತ್ರ ಮಾಡಿ ಮಾರಿದವರಲ್ಲಿ ಮೊದಲಿಗರು ಯಾರು ಗೊತ್ತಾ? ಥಾಮಸ್ ಎಡಿಸನ್ ಕಂಪನಿ. ಅದು ಡಬ್ಬಿ ಅಲ್ಲ, ಗೊಂಬೆ. ಸುಮಾರು 22 ಇಂಚು ಎತ್ತರ, ಜರ್ಮನಿಯಿಂದ ತರಿಸಿದ ಪಿಂಗಾಣಿ ತಲೆ, ತಗಡಿನ ಹೊಟ್ಟೆ. ಹೊಟ್ಟೆಯೊಳಗೆ ಪುಟ್ಟ ಫೋನೋಗ್ರಾಫ್. ಬೆನ್ನಲ್ಲಿರೋ ಹಿಡಿಕೆ ತಿರುಗಿಸಿದರೆ ಶಿಶುಗೀತೆಯ ಒಂದು ತುಣುಕು ಹೇಳುತ್ತೆ.

ಆ ಧ್ವನಿ ಹೊಟ್ಟೆಯೊಳಗೆ ಹೋದದ್ದು ಹೇಗೆ ಅನ್ನೋದು ಕೇಳಿ. ಆಗ ಒಂದು ರೆಕಾರ್ಡಿಂಗ್‌ನಿಂದ ಸಾವಿರ ಪ್ರತಿ ತೆಗೆಯೋ ವಿಧಾನ ಇನ್ನೂ ಬಂದಿರಲಿಲ್ಲ. ಹಾಗಾಗಿ ನ್ಯೂಜೆರ್ಸಿಯ ಕಾರ್ಖಾನೆಯಲ್ಲಿ ಸಣ್ಣ ಸಣ್ಣ ಗೂಡುಗಳಲ್ಲಿ ಯುವತಿಯರನ್ನು ಕೂರಿಸಿ, ಒಂದೊಂದು ಗೊಂಬೆಗೂ ಬೇರೆ ಬೇರೆಯಾಗಿ ಹೇಳಿಸಿದರು. ದಿನವಿಡೀ ಅದೇ ಪದ್ಯ, ಅದೇ ಮುದ್ದು ದನಿ. ಹತ್ತು ಗೊಂಬೆ ಅಂದರೆ ಹತ್ತು ಸಲ ಹೇಳಿದ ಹಾಡು. ಆ ಹೆಂಗಸರ ಹೆಸರು ಗೊಂಬೆಯ ಮೇಲೆ ಎಲ್ಲೂ ಇಲ್ಲ.

ಗೊಂಬೆ ಸೋತಿತು. ಸುಮ್ಮನೆ ಸೋಲಲಿಲ್ಲ, ಮಕ್ಕಳನ್ನ ಹೆದರಿಸಿ ಸೋತಿತು. ಮೇಣದ ರೆಕಾರ್ಡ್ ಬೇಗ ಸವೆಯುತ್ತಿತ್ತು. ಮಗು ಹಿಡಿಕೆ ಜೋರಾಗಿ ತಿರುಗಿಸಿದರೆ ಕೀರಲು, ನಿಧಾನ ತಿರುಗಿಸಿದರೆ ದೆವ್ವದ ನರಳಾಟ. ಬೆಲೆ ಉಡುಪಿಲ್ಲದ್ದಕ್ಕೆ 10 ಡಾಲರ್, ಚೆಂದದ ಲಂಗ ಹಾಕಿದ್ದಕ್ಕೆ ಇನ್ನೂ ಜಾಸ್ತಿ. ಸುಮಾರು 2,500 ಗೊಂಬೆಗಳು ಅಂಗಡಿಗೆ ಹೋದವು, ಮಾರಾಟವಾದದ್ದು 500ರ ಆಸುಪಾಸು, ಅದರಲ್ಲೂ ಎಷ್ಟೋ ವಾಪಸ್ ಬಂದವು. ಕೆಲವೇ ವಾರಗಳಲ್ಲಿ ಅಂಗಡಿ ಬಂದ್.

ಈ ಗೊಂಬೆಗಾಗಿ 1888ರಲ್ಲಿ ಮಾಡಿದ್ದ ಒಂದು ತವರದ ಉಂಗುರ ಉಳಿದಿದೆ. ಸೊಟ್ಟಗಾಗಿ ಹೋಗಿದ್ದರಿಂದ ಅದನ್ನ ಯಾವ ಯಂತ್ರಕ್ಕೂ ಹಾಕೋಕೆ ಆಗ್ತಿರಲಿಲ್ಲ. 2011ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದವರು ಅದನ್ನ ಮುಟ್ಟದೆಯೇ, ಬೆಳಕಿನಿಂದ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಧ್ವನಿ ಹೊರಡಿಸಿದರು. ಒಬ್ಬ ಹೆಂಗಸು "ಟ್ವಿಂಕಲ್ ಟ್ವಿಂಕಲ್" ಹೇಳ್ತಾಳೆ. ನಾನು ರಾತ್ರಿ ಹನ್ನೊಂದಕ್ಕೆ ಹೆಡ್‌ಫೋನ್ ಹಾಕ್ಕೊಂಡು ಕೇಳಿದೆ. ನಿಮಗೆ ಸಲಹೆ: ಹಗಲು ಹೊತ್ತು ಕೇಳಿ 🙂

3/7
ಈಗ ಎರಡನೆಯವನು, ಎಮಿಲ್ ಬರ್ಲಿನರ್. ಹುಟ್ಟಿದ್ದು ಜರ್ಮನಿಯ ಹ್ಯಾನೋವರ್‌ನಲ್ಲಿ, ಹೋಗಿ ನೆಲೆಸಿದ್ದು ಅಮೆರಿಕದಲ್ಲಿ. ಎಡಿಸನ್ ಉರುಳೆ ಹಿಡ್ಕೊಂಡ, ಈತ ಚಪ್ಪಟೆ ತಟ್ಟೆ ಹಿಡ್ಕೊಂಡ. ನಮ್ಮ ತಾತಂದಿರ ಗ್ರಾಮೊಫೋನ್ ತಟ್ಟೆ ಬಂದದ್ದು ಇಲ್ಲಿಂದಲೇ.

ಪಠ್ಯಪುಸ್ತಕದಲ್ಲಿ ಇಲ್ಲದ ವಿಷಯ ಹೇಳ್ತೀನಿ. ಗ್ರಾಮೊಫೋನ್ ಮೊದಲು ಮಾರುಕಟ್ಟೆಗೆ ಬಂದದ್ದೇ ಮಕ್ಕಳ ಆಟಿಕೆಯಾಗಿ! ಜರ್ಮನಿಯ ವಾಲ್ಟರ್ಸ್‌ಹೌಸನ್ ಅನ್ನೋ ಊರಲ್ಲಿ ಕೆಮರ್ ಮತ್ತು ರೈನ್‌ಹಾರ್ಟ್ ಅಂತ ಗೊಂಬೆ ಕಂಪನಿ ಇತ್ತು. 1890ರ ಹೊತ್ತಿಗೆ ಅವರು ಬರ್ಲಿನರ್‌ನ ಯಂತ್ರವನ್ನ ಆಟಿಕೆಯಾಗಿ ಮಾಡಿ ಮಾರಿದರು. ಕೈಯಲ್ಲಿ ತಿರುಗಿಸಬೇಕು, ಅಂಗೈಯಗಲದ 5 ಇಂಚಿನ ತಟ್ಟೆ ಹಾಕಬೇಕು. ಶಬ್ದ ಎಷ್ಟು ಗೊರಗೊರ ಅಂದ್ರೆ, ಏನು ಹೇಳ್ತಿದೆ ಅಂತ ತಿಳಿಯಲಿ ಅಂತ ತಟ್ಟೆಯ ಹಿಂದೆ ಪದ್ಯ ಅಚ್ಚು ಹಾಕಿದ ಕಾಗದ ಅಂಟಿಸ್ತಿದ್ರು. ಸಬ್‌ಟೈಟಲ್ ಅನ್ನಿ!

ಶಬ್ದ ಎಡಿಸನ್ ಗೊಂಬೆಗಿಂತ ಏನೂ ಮೇಲಿರಲಿಲ್ಲ. ಆದರೂ ಗೆದ್ದದ್ದು ಈ ತಟ್ಟೆಯೇ. ಯಾಕೆ? ಗೊಂಬೆಯ ಹೊಟ್ಟೆಯಲ್ಲಿ ಇದ್ದದ್ದು ಒಂದೇ ಪದ್ಯ, ಮುಚ್ಚಿ ಸ್ಕ್ರೂ ಹಾಕಿದ್ದು. ತಟ್ಟೆಯಲ್ಲಿ ಹಾಗಲ್ಲ: ಯಂತ್ರ ಬೇರೆ, ಧ್ವನಿ ಬೇರೆ. ಇವತ್ತು ಇದು, ನಾಳೆ ಅದು. ಜೊತೆಗೆ ಒಂದು ಅಚ್ಚಿನಿಂದ ಬೇಕಾದಷ್ಟು ಪ್ರತಿ.

1898ರಲ್ಲಿ ಬರ್ಲಿನರ್ ತನ್ನ ಹುಟ್ಟೂರು ಹ್ಯಾನೋವರ್‌ನಲ್ಲಿ ತಟ್ಟೆ ಅಚ್ಚು ಹಾಕೋ ಕಂಪನಿ ಶುರುಮಾಡಿದ. 1902ರಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಕ್ಕೆ ಬಂದು ಗೌಹರ್ ಜಾನ್ ಹಾಡು ರೆಕಾರ್ಡ್ ಮಾಡಿದರಲ್ಲ, ಅವು ತಟ್ಟೆಯಾದದ್ದು ಈ ಹ್ಯಾನೋವರ್‌ನಲ್ಲೇ. ಹಾಡಿನ ಕೊನೆಗೆ ಆಕೆ ತನ್ನ ಹೆಸರನ್ನ ಇಂಗ್ಲಿಷಿನಲ್ಲಿ ಹೇಳ್ತಾಳೆ. ಗೂಡಿನಲ್ಲಿ ಕೂತಿದ್ದ ಆ ಹುಡುಗಿಯರಿಗೆ ಸಿಗದ ಅವಕಾಶ. ಮುಂದೆ 1928ರಲ್ಲಿ ಗೌಹರ್ ಜಾನ್ ನಮ್ಮ ಮೈಸೂರು ಅರಮನೆಗೆ ಬಂದಳು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡಳು. ಆಕೆ ಓಡಾಡಿದ ಊರಲ್ಲಿ ಕೂತು ಇದನ್ನ ಬರೀತಿದ್ದೀನಿ.

4/7
ಇಲ್ಲಿಂದ 70 ವರ್ಷ ಹಾರೋಣ. ಮಧ್ಯೆ ರೇಡಿಯೊ ಇದೆ, ಅದಕ್ಕೊಂದು ಬೇರೆ ಸರಣಿಯೇ ಬೇಕು.

1963ರಲ್ಲಿ ಫಿಲಿಪ್ಸ್ ಕಂಪನಿ ಕ್ಯಾಸೆಟ್ ತಂತು. ಪುಟ್ಟ ಮಕ್ಕಳ ಕೈಗೆ ಇದಕ್ಕಿಂತ ಒಳ್ಳೆ ವಸ್ತು ಬಂದಿಲ್ಲ ಅಂತ ನನ್ನ ಅಭಿಪ್ರಾಯ. ತಟ್ಟೆಯ ಹಾಗೆ ಗೀರು ಬೀಳಲ್ಲ. ನಿದ್ದೆ ಬಂದು ನಿಲ್ಲಿಸಿದರೆ ಮರುದಿನ ಕಥೆ ಅಲ್ಲಿಂದಲೇ ಮುಂದುವರಿಯುತ್ತೆ. ಜರ್ಮನಿಯಲ್ಲಿ ಮಕ್ಕಳ ಧ್ವನಿ ನಾಟಕದ ಕ್ಯಾಸೆಟ್‌ಗಳು ಎಷ್ಟು ಓಡಿದವು ಅಂದ್ರೆ, 1970-80ರ ದಶಕದಲ್ಲಿ ಬೆಳೆದವರನ್ನ "ಕ್ಯಾಸೆಟ್ ಮಕ್ಕಳು" ಅಂತಲೇ ಕರೀತಾರೆ. 1979ರಲ್ಲಿ ಶುರುವಾದ ಮೂವರು ಪತ್ತೇದಾರಿ ಹುಡುಗರ ಸರಣಿ ಇನ್ನೂ ಬರ್ತಿದೆ, ಈಗ ನಲವತ್ತು ದಾಟಿದವರೂ ಕೇಳ್ತಾರೆ.

ನಮ್ಮಲ್ಲಿ ಹರಿಕಥೆ, ಯಕ್ಷಗಾನ, ನಾಟಕದ ಕ್ಯಾಸೆಟ್ ಬಂದವು. ಆದರೆ ಕ್ಯಾಸೆಟ್‌ನ ದೊಡ್ಡ ಗುಣ ಬೇರೆ: ಕೆಂಪು ಗುಂಡಿ. ಅದನ್ನ ಒತ್ತಿದರೆ ನಿಮ್ಮ ಮನೆಯವರ ಧ್ವನಿಯೂ ಅದರೊಳಗೆ ಹೋಗುತ್ತೆ.

ಅದೇ ಗುಂಡಿ ನಮ್ಮ ಮನೆಗೆ ನಷ್ಟವನ್ನೂ ಮಾಡಿದೆ. ಅಮ್ಮ ಚಿಕ್ಕವಳಿದ್ದಾಗ ನಮ್ಮ ಮುತ್ತಜ್ಜಿ ಕಥೆ ಹೇಳೋದನ್ನ ಯಾರೋ ಒಂದು ಇಡೀ ಕ್ಯಾಸೆಟ್ ತುಂಬಾ ರೆಕಾರ್ಡ್ ಮಾಡಿಟ್ಟಿದ್ದರು. ಕೆಲವು ವರ್ಷದ ಮೇಲೆ ಮಾವ ಖಾಲಿ ಕ್ಯಾಸೆಟ್ ಸಿಗಲಿಲ್ಲ ಅಂತ ಅದರ ಮೇಲೇ ಸಿನಿಮಾ ಹಾಡು ತುಂಬಿಸಿದರು. ಹಾಡು ಮುಗಿದ ಮೇಲೆ ಕೊನೆಗೆ ಎರಡು-ಮೂರು ಸೆಕೆಂಡ್ ಮಾತ್ರ ಒಬ್ಬ ಮುದುಕಿ ಕೆಮ್ಮೋದು ಕೇಳುತ್ತೆ ಅಂತ ಅಮ್ಮ ಹೇಳ್ತಾಳೆ. ಈಗ ಆ ಕ್ಯಾಸೆಟ್ಟೂ ಇಲ್ಲ.

5/7
ಇನ್ನೊಂದು ಆಟಿಕೆ ನೋಡಿ. 1971ರಲ್ಲಿ ಅಮೆರಿಕದ ಫಿಶರ್-ಪ್ರೈಸ್ ಕಂಪನಿ ಮಕ್ಕಳಿಗೆ ಒಂದು "ರೆಕಾರ್ಡ್ ಪ್ಲೇಯರ್" ಮಾಡಿತು. ಕರೆಂಟ್ ಬೇಡ, ಸೆಲ್ ಬೇಡ, ಗಡಿಯಾರದ ಹಾಗೆ ಕೀಲಿ ಕೊಟ್ಟರೆ ಸಾಕು. ದಪ್ಪ ಬಣ್ಣದ ಪ್ಲಾಸ್ಟಿಕ್ ತಟ್ಟೆ, ಅದರ ಮೇಲೆ ಉಬ್ಬಿದ ಚುಕ್ಕಿಗಳು. ಆ ಚುಕ್ಕಿಗಳು ತಿರುಗುತ್ತಾ ಒಳಗಿನ ಲೋಹದ ಹಲ್ಲುಗಳನ್ನ ಮೀಟುತ್ತಿದ್ದವು, ರಾಗ ಹೊರಡುತ್ತಿತ್ತು. ಹಾಡು ನಿಜಕ್ಕೂ ತಟ್ಟೆಯಲ್ಲೇ ಇತ್ತು. ಮಗು ಬೆರಳಿಂದ ಮುಟ್ಟಿ ನೋಡಬಹುದಿತ್ತು.

2010ರ ಸುಮಾರಿಗೆ ಇದನ್ನೇ ಮತ್ತೆ ತಯಾರಿಸಿದರು. ಅದೇ ಬಣ್ಣ, ಅದೇ ತಟ್ಟೆ, ಅದೇ ಮುದ್ದು. ಆದರೆ ಈ ಸಲ ಹಾಡುಗಳೆಲ್ಲಾ ಒಳಗಿನ ಚಿಪ್‌ನಲ್ಲಿ. ಯಾವ ಹಾಡು ಬೇಕು ಅಂತ ಚಿಪ್‌ಗೆ ಗುರುತು ಹೇಳೋದಷ್ಟೇ ತಟ್ಟೆಯ ಕೆಲಸ. ತಟ್ಟೆ ಈಗ ಕೀಲಿಕೈ, ಪೆಟ್ಟಿಗೆ ಅಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದಿನ ಭಾಗಕ್ಕೆ ಬೇಕು.

6/7
ಈಗ ಅಕ್ಕನ ಡಬ್ಬಿ. ಅವಳ ಪಟ್ಟಿಯಲ್ಲಿ ಇದ್ದದ್ದು ಎರಡು.

ಟೋನಿಬಾಕ್ಸ್, ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನದ್ದು, 2016ರಲ್ಲಿ ಬಂತು. ಮಕ್ಕಳ ಕೈಯಲ್ಲಿ ಸೀಡಿಗಳೆಲ್ಲಾ ಗೀರು ಬಿದ್ದು ಹಾಳಾಗೋದನ್ನ ನೋಡಿದ ಒಬ್ಬ ಅಪ್ಪನ ಯೋಚನೆ. ಮೆತ್ತಗಿನ ಬಟ್ಟೆ ಹೊದಿಸಿದ ಚೌಕ ಡಬ್ಬಿ, ಮೇಲೆ ಎರಡು ಕಿವಿ. ದೊಡ್ಡ ಕಿವಿ ಹಿಂಡಿದರೆ ಶಬ್ದ ಜೋರು, ಸಣ್ಣದು ಹಿಂಡಿದರೆ ಮೆಲ್ಲಗೆ. ತಲೆ ಮೇಲೆ ಪುಟ್ಟ ಗೊಂಬೆ ಇಟ್ಟರೆ ಕಥೆ ಶುರು, ತೆಗೆದರೆ ಬಂದ್. ಇನ್ನೊಂದು ಯೋಟೋ, ಲಂಡನ್ನಿನದ್ದು. ಗೊಂಬೆ ಬದಲು ಕಾರ್ಡ್ ತೂರಿಸಬೇಕು, ತಿರುಪು ಗುಂಡಿ ತಿರುಗಿಸಬೇಕು. ಎರಡರಲ್ಲೂ ಕ್ಯಾಮೆರಾ ಇಲ್ಲ.

ನೋಡೋಕೆ ಕಥೆ ಗೊಂಬೆಯ ಒಳಗೋ ಕಾರ್ಡಿನ ಒಳಗೋ ಇರೋ ಹಾಗೆ ಕಾಣುತ್ತೆ. ಇಲ್ಲ! ಅದರಲ್ಲಿರೋದು ಮೆಟ್ರೋ ಕಾರ್ಡಿನ ಥರದ ಒಂದು ಚಿಪ್. ಡಬ್ಬಿ ಆ ಚಿಪ್ ಓದಿ, ಮೊದಲ ಸಲ ವೈಫೈ ಮೂಲಕ ಕಂಪನಿಯ ಸರ್ವರ್‌ನಿಂದ ಕಥೆ ಇಳಿಸಿಕೊಳ್ಳುತ್ತೆ. ಆಮೇಲೆ ನೆಟ್ ಬೇಡ, ಅದು ನಿಜ. ಆದರೆ ಡಬ್ಬಿ ಬದಲಾದರೆ ಮತ್ತೆ ಸರ್ವರ್ ಬೇಕು. ಕಂಪನಿ ಇಲ್ಲದ ದಿನ ಕೈಯಲ್ಲಿರೋದು ಬರೀ ಗೊಂಬೆ.

ಅದಕ್ಕೆ ಅಕ್ಕನಿಗೆ ಹೇಳಿದೆ: "ಬಣ್ಣ, ಕಿವಿ ಎಲ್ಲಾ ಆಮೇಲೆ. ಧ್ವನಿ ಎಲ್ಲಿದೆ ಅಂತ ಮೊದಲು ಕೇಳು."

ಅಜ್ಜಿಯ ದೇವರ ಮನೆಯಲ್ಲಿ ಪ್ಲಗ್‌ಗೆ ಸಿಕ್ಕಿಸಿರೋ ಮಂತ್ರ ಹೇಳೋ ಡಬ್ಬಿ ನೋಡಿದ್ದೀರಲ್ಲ? ಅದರ ಧ್ವನಿ ಅದರೊಳಗೇ ಇದೆ. 2017ರಲ್ಲಿ ಬಂದ ಸರೆಗಮ ಕಾರವಾನ್‌ನಲ್ಲೂ 5,000 ಹಾಡು ಒಳಗೇ. ಆದರೆ ಒಳಗೆ ಇರೋದನ್ನ ನೀವು ಬದಲಾಯಿಸೋಕೆ ಆಗಲ್ಲ, ಎಡಿಸನ್ ಗೊಂಬೆಯ ಕಾಯಿಲೆ. ಊರಲ್ಲೇ ಇರೋರಿಗೆ, ಕಡಿಮೆ ದುಡ್ಡಲ್ಲಿ ಆಗಬೇಕು ಅನ್ನೋರಿಗೆ, ಮೆಮೊರಿ ಕಾರ್ಡ್ ಹಾಕೋ ಸಾದಾ ಸ್ಪೀಕರ್ ಸಾಕು ಅಂತ ನಾನು ಧೈರ್ಯವಾಗಿ ಹೇಳ್ತೀನಿ. ಕಾರ್ಡ್ ಮಾತ್ರ ಮಗುವಿನ ಬಾಯಿಗೆ ಸಿಗದ ಹಾಗೆ ಮುಚ್ಚಿರಬೇಕು.

ಇನ್ನು ಕೆಲವು ಚಿಲ್ಲರೆ ವಿಷಯ, ಆದರೆ ಚಿಲ್ಲರೆ ಅಲ್ಲ. ಗುಂಡಿಯಾಕಾರದ ಪುಟ್ಟ ಸೆಲ್ ಹಾಕೋ ಆಟಿಕೆಯಾದರೆ ಸೆಲ್‌ನ ಮುಚ್ಚಳಕ್ಕೆ ಸ್ಕ್ರೂ ಇರಲೇಬೇಕು. ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಗಂಟಲು ಸುಡುತ್ತೆ, ತಕ್ಷಣ ಆಸ್ಪತ್ರೆಗೆ ಓಡಬೇಕು. ಶಬ್ದಕ್ಕೆ ಮಿತಿ ಹಾಕೋ ಸೌಲಭ್ಯ ಇದೆಯಾ ನೋಡಿ, ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳೋದು ವಾರಕ್ಕೆ 40 ಗಂಟೆವರೆಗೆ 75 ಡೆಸಿಬಲ್. ಸೆಕೆಂಡ್ ಹ್ಯಾಂಡ್ ಕೊಳ್ಳೋದಾದರೆ ಆ ಮಾದರಿಯನ್ನ ಕಂಪನಿ ವಾಪಸ್ ಕರೆದಿದೆಯಾ ಅಂತ ಹುಡುಕಿ. 2024ರಲ್ಲಿ ಯೋಟೋ ಮಿನಿಯನ್ನ ಬ್ಯಾಟರಿ ಬಿಸಿಯಾಗೋ ಅಪಾಯಕ್ಕೆ ಹಾಗೆ ಕರೆದಿದ್ದರು.

ಎರಡೂವರೆ ವರ್ಷದ ಕೈಗೆ ಕಾರ್ಡಿಗಿಂತ ಕಿವಿ ಸುಲಭ. ಅಕ್ಕ ಕಿವಿಯ ಡಬ್ಬಿ ತಗೊಂಡಳು. ಜೊತೆಗೆ ನಾನು ಹಠ ಹಿಡಿದು ಕೊಡಿಸಿದ್ದು ಒಂದೇ ಗೊಂಬೆ: ನಾವೇ 90 ನಿಮಿಷದವರೆಗೆ ರೆಕಾರ್ಡ್ ಮಾಡಿ ತುಂಬಿಸಬಹುದಾದ ಗೊಂಬೆ. ಇವತ್ತಿನ ಕೆಂಪು ಗುಂಡಿ ಅದು. ಅಂಗಡಿಯಲ್ಲಿರೋದು ಹೆಚ್ಚಾಗಿ ಜರ್ಮನ್, ಇಂಗ್ಲಿಷ್. ಕನ್ನಡ ಬೇಕಿದ್ದರೆ ನಾವೇ ಹೇಳಬೇಕು. ಏನು ಓದೋದು ಅಂತ ಗೊತ್ತಾಗದವರಿಗೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡ ಕಥೆಗಳಿವೆ, ಮುಕ್ತ ಪರವಾನಗಿಯವು, ನಿಮ್ಮ ದನಿಯಲ್ಲಿ ಓದಿ ರೆಕಾರ್ಡ್ ಮಾಡಬಹುದು. ನಮ್ಮ ಮನೆಯಲ್ಲಿ ಅಜ್ಜಿ ಇದ್ದಾಳೆ.

7/7
ಅಜ್ಜಿಗೆ 78. ಈಗೀಗ ಎರಡು ಮಾತಾಡಿದರೆ ಉಸಿರು ಕಟ್ಟುತ್ತೆ. ಫೋನ್ ಮುಂದಿಟ್ಟು "ಕಾಗಕ್ಕ ಗುಬ್ಬಕ್ಕನ ಕಥೆ ಹೇಳಜ್ಜಿ" ಅಂದೆ. ಶುರು ಮಾಡಿದಳು, ನಿಲ್ಲಿಸಿದಳು. ಮತ್ತೆ ಶುರು, ಮತ್ತೆ ನಿಲ್ಲಿಸಿದಳು.

"ಯಾಕಜ್ಜಿ?"

"ಹೂಂ ಅನ್ನೋರು ಯಾರೂ ಇಲ್ವಲ್ಲೋ. ಗೋಡೆಗೆ ಹೇಳ್ಲಾ?"

ಸುಮ್ಮನಿದ್ದರೆ ರೆಕಾರ್ಡಿಂಗ್ ಶುದ್ಧವಾಗಿ ಬರುತ್ತೆ ಅಂತ ನಾನು ಉಸಿರು ಬಿಗಿಹಿಡಿದು ಕೂತಿದ್ದೆ, ಪೆದ್ದ. ಪಕ್ಕಕ್ಕೆ ಸರಿದು ಕೂತೆ. ಗುಬ್ಬಕ್ಕ ಮನೆ ಕಟ್ಟಿದಳಂತೆ. ಹೂಂ. ಮಳೆ ಬಂತಂತೆ. ಹೂಂ. ನಡುವೆ ಕುಕ್ಕರ್ ವಿಸಿಲ್, ತರಕಾರಿ ಗಾಡಿಯವನ ಕೂಗು, ಅಜ್ಜಿಯ ಕೆಮ್ಮು. ಒಂದನ್ನೂ ಕತ್ತರಿಸಲಿಲ್ಲ. ಒಟ್ಟು 41 ನಿಮಿಷ. ಗೊಂಬೆಗೆ ಒಂದು ಪ್ರತಿ ಹೋಯಿತು. ಮೂಲ ನನ್ನ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಪ್ರತಿ ಪೆನ್ ಡ್ರೈವ್‌ನಲ್ಲಿ, ಅಮ್ಮನ ಬೀರುವಿನೊಳಗೆ. ಪೆನ್ ಡ್ರೈವ್ ಮೇಲೆ ದೊಡ್ಡದಾಗಿ ಬರೆದಿದ್ದೀನಿ: "ಅಜ್ಜಿ. ಇದರ ಮೇಲೆ ಏನೂ ತುಂಬಬೇಡಿ."

ನಿನ್ನೆ ಅಕ್ಕ ಇನ್ನೊಂದು ವಾಯ್ಸ್ ನೋಟ್ ಕಳಿಸಿದಳು. ಅಲ್ಲಿ ಊಟದ ಹೊತ್ತು. ತಟ್ಟೆಗೆ ಚಮಚ ತಾಗೋ ಶಬ್ದ, ಹಿಂದೆ ಡಬ್ಬಿಯಿಂದ ಅಜ್ಜಿಯ ದನಿ, ಅಜ್ಜಿ ನಿಲ್ಲಿಸಿದ ಕಡೆಯೆಲ್ಲಾ ನನ್ನ ಹೂಂ. ನನ್ನ ಹೂಂ ಮುಗಿದ ಅರ್ಧ ಸೆಕೆಂಡಿಗೆ, ಬಾಯಿ ತುಂಬಾ ಅನ್ನ ಇಟ್ಕೊಂಡು, ಇನ್ನೊಂದು ಪುಟ್ಟ ಹೂಂ.